ಕಲ್ಲಿನಲ್ಲಿ ಸ್ವರ್ಗ, ಗೋಡೆಯಲ್ಲಿ ನರಕ: ಬೌದ್ಧ ಶಿಲ್ಪಿಗಳ ಪರಲೋಕವನ್ನು ಓದಿದ್ದು ಹೇಗೆ?

ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲಿ ಮಧ್ಯಪ್ರದೇಶದ ಭಾರ್ಹುತ್‌ನ ಬೌದ್ಧ ಸ್ತೂಪದ ಒಂದು ಕಂಬವಿದೆ. ಎರಡು ಸಾವಿರ ವರ್ಷಕ್ಕೂ ಹಳೆಯದು. ಅದರ ಮೇಲೊಂದು ಮಹಡಿ ಮನೆ, ಪಕ್ಕದಲ್ಲಿ ಗುಮ್ಮಟದ ಸಭೆ. ಸಭೆಯೊಳಗೆ ಪೀಠದ ಮೇಲೆ ರುಮಾಲು, ಅದಕ್ಕೊಂದು ಛತ್ರಿ. ಕೆಳಗೆ ಹೆಂಗಸರು ಕುಣಿಯುತ್ತಿದ್ದಾರೆ. ಯಾವುದೋ ಅರಮನೆಯ ಹಬ್ಬ ಅನ್ನಿಸುತ್ತದೆ, ಅಲ್ವಾ?

ಆದರೆ ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿದ್ದಾರೆ. ಮಹಡಿ ಮನೆ ವೇಜಯಂತ, ಸಭೆ ಸುಧಮ್ಮಾ, ನಡೆಯುತ್ತಿರುವುದು ಚೂಡಾಮಹ, ಅಂದರೆ ಜುಟ್ಟಿನ ಹಬ್ಬ. ಹಾಗಾಗಿ ಇದು ಇಂದ್ರನ ಸ್ವರ್ಗ. ಸಿದ್ಧಾರ್ಥ ಮನೆಬಿಟ್ಟು ಕತ್ತರಿಸಿಕೊಂಡ ಜುಟ್ಟಿಗೆ ದೇವತೆಗಳು ಹಬ್ಬ ಮಾಡುತ್ತಿದ್ದಾರೆ. 1873ರಲ್ಲಿ ಪುರಾತತ್ವ ತಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಈ ಸ್ತೂಪವನ್ನು ಬೆಳಕಿಗೆ ತಂದಾಗ ಇಂಥ ಹೆಸರುಗಳೇ ದಾರಿ ತೋರಿಸಿದವು. ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಗುರುತು ಸಿಕ್ಕಿದ್ದೂ ಹೀಗೆಯೇ, ‘ರಾಯೋ ಅಸೋಕೋ’ ಎಂಬ ಬರಹದಿಂದ.

ಸಾಂಚಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿನ ಬರಹಗಳಲ್ಲಿ ದಾನಿಗಳ ಹೆಸರೇ ಜಾಸ್ತಿ. ಪೂರ್ವ ತೋರಣದ (ಹೆಬ್ಬಾಗಿಲಿನ) ಕಂಬದಲ್ಲಿ ಒಂದರ ಮೇಲೊಂದು ಆರು ಅರಮನೆ, ಪ್ರತಿಯೊಂದರಲ್ಲೂ ವಜ್ರಾಯುಧ ಹಿಡಿದು ಕೂತ ದೊರೆ. ಇವು ಬೌದ್ಧ ಗ್ರಂಥಗಳು ಹೇಳುವ ಆರು ದೇವಲೋಕಗಳು ಎಂದು ಪುರಾತತ್ವ ತಜ್ಞ ಜಾನ್ ಮಾರ್ಷಲ್ ಓದಿದರು. ಲೆಕ್ಕ ಸರಿಹೊಂದುತ್ತದೆ, ನನಗೂ ಒಪ್ಪಿಗೆ. ಆದರೂ ಇದು ಊಹೆಯೇ. ಒಂದು ಮಾತು ಮರೆಯಬಾರದು: ಬೌದ್ಧರಿಗೆ ಸ್ವರ್ಗ ಕೊನೆಯ ನಿಲ್ದಾಣವಲ್ಲ. ಪುಣ್ಯ ತೀರಿದರೆ ದೇವತೆಯೂ ಸಾಯಬೇಕು, ಮತ್ತೆ ಹುಟ್ಟಬೇಕು.

ಹೆಸರಿಲ್ಲದ ಚಿತ್ರ ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಅಜಂತಾದ 17ನೇ ಗುಹೆ ಸಾಕು. 5ನೇ ಶತಮಾನದ ಈ ಗುಹೆಯ ವರಾಂಡದ ಗೋಡೆಯಲ್ಲಿ ಅರ್ಧ ಅಳಿದುಹೋದ ಚಕ್ರದ ಚಿತ್ರವೊಂದಿದೆ. ಮೊದಲು ನೋಡಿದ ಯುರೋಪಿಯನ್ನರು ಅದನ್ನು ರಾಶಿಚಕ್ರ ಅಂದುಕೊಂಡರು. ಗುಹೆಗೂ ಅದೇ ಹೆಸರು ಅಂಟಿತು. 1890ರ ದಶಕದಲ್ಲಿ ಟಿಬೆಟಿನ ಬೌದ್ಧಧರ್ಮದ ವಿದ್ವಾಂಸ ವ್ಯಾಡೆಲ್ ಅದನ್ನು ಟಿಬೆಟಿಯನ್ ಮಠಗಳ ಭವಚಕ್ರದ, ಅಂದರೆ ಹುಟ್ಟುಸಾವಿನ ಚಕ್ರದ ಚಿತ್ರದ ಜೊತೆ ಹೋಲಿಸಿದರು. ಆಗ ಗೊತ್ತಾಯಿತು, ಅದು ನರಕ, ಪ್ರೇತ, ಪ್ರಾಣಿ, ಮನುಷ್ಯ, ದೇವತೆಗಳ ಲೋಕ ಸುತ್ತುವ ಚಕ್ರ.

ಸಂಸ್ಕೃತದ ಬೌದ್ಧ ಕಥಾಸಂಗ್ರಹ ‘ದಿವ್ಯಾವದಾನ’ದಲ್ಲಿ ಇದರ ಕಥೆಯೇ ಇದೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ನರಕದವರೆಗೂ ಹೋಗಿ ಕಂಡದ್ದನ್ನು ಜನರಿಗೆ ಹೇಳುತ್ತಿದ್ದ. ಅವನೊಬ್ಬನೇ ಎಲ್ಲ ಕಡೆ ಇರಲಾಗದು ಎಂದು ಬುದ್ಧ ವಿಹಾರದ ಬಾಗಿಲಲ್ಲಿ ಚಕ್ರ ಬರೆಸಲು ಹೇಳಿದ. ಚಕ್ರದ ನಡುವೆ ಪಾರಿವಾಳ, ಹಾವು, ಹಂದಿ: ಆಸೆ, ದ್ವೇಷ, ಮೋಹ (ಅಜ್ಞಾನ). ಚಿತ್ರ ಬರೆಸಿ ಸುಮ್ಮನಾಗಲಿಲ್ಲ. ಬಂದವರಿಗೆ ಅದನ್ನು ವಿವರಿಸಲು ಅಲ್ಲೇ ಒಬ್ಬ ಭಿಕ್ಷುವನ್ನೂ ನೇಮಿಸಿದ.