ಮುಂಬೈ ಡಾಕ್‌ನಿಂದ ವಾಢವಣದವರೆಗೆ: ಬಂದರು ಜಾಗ ಬದಲಿಸುತ್ತಲೇ ಇದೆ

ಮುಂಬೈಯ ಉತ್ತರಕ್ಕೆ ಡಹಾಣು ಹತ್ತಿರ ಹೊಸದಾಗಿ ಕಟ್ಟುವ ವಾಢವಣ ಬಂದರಿನ ಸುದ್ದಿ ಬಂದಾಗಲೆಲ್ಲ ಡೊಂಬಿವಲಿ, ಪನ್ವೇಲ್ ಕಡೆಯ ನಮ್ಮವರು ಕೇಳುವುದು ಒಂದೇ. ಮುಂಬೈ ಕೊಲ್ಲಿಯ ಆಚೆ ನ್ಹಾವಾ ಶೇವಾ ಬಂದರು ಇರುವಾಗ ಇನ್ನೊಂದು ಯಾಕೆ? ಕ್ಲಿಯರಿಂಗ್ ಏಜೆಂಟರ ಆಫೀಸು, ಟ್ರಾನ್ಸ್‌ಪೋರ್ಟು, ಗೋದಾಮು ಅಂತ ಬಂದರನ್ನೇ ನಂಬಿ ಬದುಕುವ ಕನ್ನಡಿಗರು ಇಲ್ಲಿದ್ದಾರೆ, ಅಲ್ವಾ? ಪ್ರಶ್ನೆ ಸುಮ್ನೆ ಬಂದದ್ದಲ್ಲ.

ಬಾಂಬೆ ಪೋರ್ಟ್ ಟ್ರಸ್ಟ್ ಶುರುವಾದದ್ದು 1873ರಲ್ಲಿ. ಪ್ರಿನ್ಸಸ್, ವಿಕ್ಟೋರಿಯಾ, ಅಲೆಕ್ಸಾಂಡ್ರಾ ಡಾಕ್‌ಗಳು ಒಂದರ ಹಿಂದೊಂದು ಎದ್ದವು. ಮಂಗಳೂರಿನ ಹೆಂಚು ಮಂಜಿಗಳಲ್ಲಿ, ಅಂದರೆ ಮರದ ಹಾಯಿಹಡಗುಗಳಲ್ಲಿ, ಮುಂಬೈಗೆ ಬರುತ್ತಿದ್ದ ಕಾಲ ಅದು. 1944ರ ಏಪ್ರಿಲ್ 14ರಂದು ಫೋರ್ಟ್ ಸ್ಟಿಕಿನ್ ಹಡಗು ಸಿಡಿದು ಡಾಕ್ ಸುಟ್ಟುಹೋಯಿತು. ಆಮೇಲೂ ಬಂದರು ಚೇತರಿಸಿಕೊಂಡಿತು. ಬೆಂಕಿಗೆ ಬಗ್ಗದ್ದು ಕಂಟೇನರ್‌ಗೆ ಬಗ್ಗಿತು.

ಮೊದಲು ಮೂಟೆ, ಪೀಪಾಯಿ, ಪೆಟ್ಟಿಗೆ ಎಲ್ಲವನ್ನೂ ಒಂದೊಂದಾಗಿ ಇಳಿಸಬೇಕಿತ್ತು. ಹಡಗು ದಿನಗಟ್ಟಲೆ ನಿಲ್ಲುತ್ತಿತ್ತು, ಸಾವಿರಾರು ಕೈಗಳಿಗೆ ಕೆಲಸವಿತ್ತು. ಸರಕನ್ನು ದೊಡ್ಡ ಉಕ್ಕಿನ ಪೆಟ್ಟಿಗೆ ಸಮೇತ ಇಳಿಸುವ ಕಂಟೇನರ್ ಹಡಗಿಗೆ ಬೇಕಾದದ್ದು ಆಳದ ನೀರು ಮತ್ತು ವಿಶಾಲ ಅಂಗಳ. ಹಳೆ ಡಾಕ್ ಸೇರಲು ಉಬ್ಬರಕ್ಕೆ ಕಾಯಬೇಕು, ಗೇಟು ತೆರೆಯಬೇಕು. ಹೊರಗೆ ಬಂದ ಲಾರಿ ಊರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಕೊಲ್ಲಿಯ ಆಚೆ ದಡದಲ್ಲಿ, 1989ರಲ್ಲಿ ನ್ಹಾವಾ ಶೇವಾ ಬಂದರು ಶುರುವಾಯಿತು.

ಲೆಕ್ಕ ಸರಿಯೇ ಇತ್ತು. ಆದರೆ ಆ ದಡ ಖಾಲಿ ಇರಲಿಲ್ಲ. ಅಲ್ಲಿ ಭತ್ತದ ಗದ್ದೆ, ಉಪ್ಪಿನ ಗದ್ದೆ, ಕೋಳಿ ಸಮುದಾಯದ ಮೀನುಗಾರರ ಮನೆಗಳಿದ್ದವು. 1984ರ ಜನವರಿಯಲ್ಲಿ, ಉರಣ ಭಾಗದ ಭೂಸ್ವಾಧೀನದ ವಿರುದ್ಧ ರೈತ ನಾಯಕ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ನಡೆದ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಐವರು ಸತ್ತರು. ಕಳೆದುಕೊಂಡ ಭೂಮಿಯ 12.5%ರಷ್ಟನ್ನು ಅಭಿವೃದ್ಧಿ ಮಾಡಿದ ಜಾಗದಲ್ಲಿ ಅದರ ಒಡೆಯರಿಗೆ ವಾಪಸ್ ಕೊಡಬೇಕು ಅನ್ನುವ ಸೂತ್ರ ಈ ಹೋರಾಟದ ಫಲ. ಬಂದರಿಗೆ ನೆಲ ಕೊಟ್ಟವರ ಕೈಗೆ ಅದರ ಪತ್ರ ಸಿಗಲು 2014 ಆಗಬೇಕಾಯಿತು. ಅಷ್ಟರಲ್ಲಿ ಬಂದರಿಗೆ 25 ವರ್ಷ! ಶೇವಾ ಕೋಳಿವಾಡದವರನ್ನು ಉರಣದ ಹತ್ತಿರ ಹನುಮಾನ್ ಕೋಳಿವಾಡಕ್ಕೆ ಕಳಿಸಿದರು. ಅಲ್ಲಿನ ಮನೆಗಳಿಗೆ ಗೆದ್ದಲು ಹಿಡಿಯಿತು. ನವಮಂಗಳೂರು ಬಂದರಿಗಾಗಿ ಪಣಂಬೂರಿನಲ್ಲಿ ಮನೆ ಬಿಟ್ಟು ಎದ್ದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ.

ಬಂದರು ಮಾತ್ರ ಬೆಳೆಯಿತು. 1997ರಲ್ಲಿ ಖಾಸಗಿ ಟರ್ಮಿನಲ್‌ಗೆ ಒಪ್ಪಂದವಾಯಿತು, ಆಮೇಲೆ ಇನ್ನೂ ಕೆಲವು ಬಂದವು. ಈಚೆ ದಡದ ಮುಂಬೈಯಲ್ಲಿ ಪ್ರಿನ್ಸಸ್, ವಿಕ್ಟೋರಿಯಾ ಡಾಕ್‌ಗಳಿಗೆ ಮಣ್ಣು ತುಂಬಿ ಕಂಟೇನರ್ ಅಂಗಳ ಮಾಡಲು ಹೊರಟರು. ಆ ಯೋಜನೆ ಅರ್ಧಕ್ಕೇ ನಿಂತಿತು. ಅದಕ್ಕಾಗಿ ಕಟ್ಟಿದ ಧಕ್ಕೆಯಿಂದ ಈಗ ಹಡಗು ಹತ್ತುವುದು ಕಾರುಗಳು.

ಈಗ ಹಡಗುಗಳು ಇನ್ನೂ ದೊಡ್ಡವಾಗಿವೆ. ನ್ಹಾವಾ ಶೇವಾದಲ್ಲಿ ಸುಮಾರು 15 ಮೀಟರ್ ಆಳವನ್ನು ಹೂಳೆತ್ತಿ ಉಳಿಸಿಕೊಳ್ಳಬೇಕು. ಡಹಾಣು ಹತ್ತಿರದ ವಾಢವಣದಲ್ಲಿ 20 ಮೀಟರ್ ನೀರು ತಾನಾಗಿಯೇ ಇದೆ. ಇದೇ ಜಾಗಕ್ಕೆ ಬಂದರು ಬೇಡವೆಂದು ಡಹಾಣು ಪರಿಸರ ಪ್ರಾಧಿಕಾರ 1998ರಲ್ಲಿ ಹೇಳಿತ್ತು. 2023ರಲ್ಲಿ ಅದೇ ಪ್ರಾಧಿಕಾರ ಒಪ್ಪಿತು. ಮರುವರ್ಷ 76,220 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು, ಆಗಸ್ಟ್ 30ರಂದು ಅಡಿಗಲ್ಲು ಬಿತ್ತು.

ಬಂದರಿನ ಅಂಗಳಕ್ಕೆ ಸಮುದ್ರವನ್ನೇ ತುಂಬಿಸಿ ನೆಲ ಮಾಡುತ್ತಾರೆ. ಹಾಗಾಗಿ ಈ ಸಲ ಜಗಳ ಗದ್ದೆಗಿಂತ ಜಾಸ್ತಿ ಮೀನು ಸಿಗುವ ನೀರಿನದು. ಗದ್ದೆಗಾದರೆ ಸರ್ವೆ ನಂಬರ್ ಇರುತ್ತದೆ. ಬಲೆ ಬೀಸುವ ನೀರಿಗೆ ಎಲ್ಲಿಂದ ತರುವುದು? ಪರಿಹಾರಕ್ಕೆ ದೋಣಿ ಇದ್ದವರ ಪಟ್ಟಿ ಮಾಡಬಹುದು. ಮೀನು ಒಣಗಿಸುವ, ಬುಟ್ಟಿ ಹೊತ್ತು ಮಾರುವ ಹೆಂಗಸರನ್ನು ಯಾವ ಪಟ್ಟಿಗೆ ಸೇರಿಸಬೇಕು ಅನ್ನುವುದು ಕೆಲಸ ಮುಗಿಯುವ ಮೊದಲೇ ತೀರ್ಮಾನವಾಗಬೇಕು.