ಕಣ್ಣಿಗೆ ಮಂಕು, ಅವಕೆಂಪಿಗೆ ಪ್ರಖರ

1934ರ ಡಿಸೆಂಬರ್‌ನಲ್ಲಿ ಭೀಮ ನಕ್ಷತ್ರಪುಂಜದಲ್ಲಿ ಒಂದು ನೋವಾ, ಅಂದರೆ ದಿಢೀರನೆ ಹಲವು ಪಟ್ಟು ಪ್ರಖರವಾಗುವ ನಕ್ಷತ್ರ, ಕಾಣಿಸಿಕೊಂಡಿತು. ಈಗ ಅದರ ಹೆಸರು ಡಿಕ್ಯೂ ಹರ್ಕ್ಯುಲಿಸ್. ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಿದ್ದ ಅದರ ಬೆಳಕು 1935ರ ಏಪ್ರಿಲ್‌ನಲ್ಲಿ ದಿಢೀರನೆ ಕುಸಿದು, ಸಾವಿರ ಪಟ್ಟಿಗೂ ಹೆಚ್ಚು ಮಂಕಾಯಿತು. ಆಮೇಲೆ ಮತ್ತೆ ಮೇಲೆದ್ದಿತು. ಆರಿಹೋದ ದೀಪ ತಾನಾಗಿ ಹತ್ತಿಕೊಳ್ಳುವುದಿಲ್ಲವಲ್ಲ. ನಡುವೆ ಏನೋ ಅಡ್ಡ ಬಂದಿರಬೇಕು. ಆ ಅಡ್ಡ ಬಂದದ್ದು ನೋವಾ ತಾನೇ ಉಗುಳಿದ ಅನಿಲದಲ್ಲಿ ಹುಟ್ಟಿದ ಧೂಳು. 1970ರಲ್ಲಿ ಎಫ್‌ಎಚ್ ಸರ್ಪೆಂಟಿಸ್ ಎಂಬ ನೋವಾದ ಕಣ್ಣಿಗೆ ಕಾಣುವ ಬೆಳಕು ಇಳಿದಾಗ, ಅವಕೆಂಪು (ಇನ್‌ಫ್ರಾರೆಡ್, ಕೆಂಪಿನಾಚೆಯ, ಕಣ್ಣಿಗೆ ಕಾಣದ) ಬೆಳಕು ಏರಿದ್ದನ್ನು ಖಗೋಳಜ್ಞರು ಅಳೆದರು. ಆದ್ದರಿಂದ ‘ನೋವಾ ಮಂಕಾಯಿತು’ ಎಂದಷ್ಟೇ ಹೇಳಿದರೆ ಅದು ಅರ್ಧ ಮಾತು. ಯಾವ ಬೆಳಕಿನಲ್ಲಿ ಎಂದೂ ಹೇಳಬೇಕು.

ನೋವಾ ಎಂದರೆ ನಕ್ಷತ್ರದ ಸಾವಲ್ಲ. ಜೋಡಿ ನಕ್ಷತ್ರಗಳಲ್ಲಿ ಒಂದಾದ ಶ್ವೇತಕುಬ್ಜ (ಇಂಧನ ಮುಗಿದ ನಕ್ಷತ್ರದ ದಟ್ಟ ತಿರುಳು) ತನ್ನ ಸಂಗಾತಿಯಿಂದ ಹೈಡ್ರೋಜನ್ ಸೆಳೆದು ಮೈಮೇಲೆ ಪೇರಿಸಿಕೊಳ್ಳುತ್ತದೆ. ಆ ಪದರದ ತಳ ಒತ್ತಡದಿಂದ ಕಾದು, ಬೈಜಿಕ ಸಮ್ಮಿಲನ ಹತೋಟಿ ತಪ್ಪಿದಾಗ ಪದರ ಸಿಡಿಯುತ್ತದೆ, ಶ್ವೇತಕುಬ್ಜ ಉಳಿಯುತ್ತದೆ. ಅದರ ರಾಶಿ ಹೆಚ್ಚಿದ್ದರೆ ಆಟ ಕೆಲವು ದಿನ ಅಥವಾ ವಾರಗಳಲ್ಲಿ ಮುಗಿಯುತ್ತದೆ. ಕಡಿಮೆಯಿದ್ದರೆ ಸಾಮಾನ್ಯವಾಗಿ ಹೆಚ್ಚು ಅನಿಲ, ಕಡಿಮೆ ವೇಗದಲ್ಲಿ ಹೊರಬೀಳುತ್ತದೆ. ಇಂಥವೇ ನಿಧಾನ ನೋವಾಗಳು.

ನಿಧಾನವೆಂಬುದೇ ಇಲ್ಲಿ ಧೂಳಿಗೆ ಅನುಕೂಲ. ದಟ್ಟ ಅನಿಲ ಚದುರುವ ಮೊದಲೇ ತಣ್ಣಗಾದರೆ ಮೊದಲು ಅಣುಗಳು, ಬಳಿಕ ಕಣಗಳು ಕಟ್ಟಿಕೊಳ್ಳುತ್ತವೆ. ಕಣಗಳು ಒಳಗಿನ ಬೆಳಕನ್ನು ಹೀರಿ ಸಾವಿರ ಕೆಲ್ವಿನ್ ಆಸುಪಾಸಿಗೆ ಕಾಯುತ್ತವೆ. ಆ ಬಿಸಿಯಲ್ಲಿ ಹೊಮ್ಮುವ ಬೆಳಕು 3 ಮೈಕ್ರಾನ್ (ಮೀಟರಿನ ದಶಲಕ್ಷದ ಮೂರು ಭಾಗ) ತರಂಗಾಂತರದ ಬಳಿ ಶಿಖರ ಮುಟ್ಟುತ್ತದೆ. ಹಾಗಾಗಿ 1.25, 1.65 ಮತ್ತು 2.2 ಮೈಕ್ರಾನ್‌ಗಳ ಜೆ, ಎಚ್, ಕೆ ಎಂಬ ತರಂಗಾಂತರ ಪಟ್ಟಿಗಳಲ್ಲಿ ಅಳೆಯುವವರಿಗೆ ಧೂಳಿನ ಸುಳಿವು ಎದ್ದು ಕಾಣುವುದು ಕೆ ಪಟ್ಟಿಯಲ್ಲಿ. ಅದಕ್ಕೂ ಮುಂಚೆ ಕೆಲವು ನೋವಾಗಳಲ್ಲಿ 2.3 ಮೈಕ್ರಾನ್ ಬಳಿ ಕಾರ್ಬನ್ ಮಾನಾಕ್ಸೈಡ್‌ನ ಗುರುತು ಮೂಡುತ್ತದೆ. 2007ರ ವಿ2615 ಒಫಿಯೂಕಿ ನೋವಾದಲ್ಲಿ ಅದನ್ನು ಕಂಡದ್ದು ನಮ್ಮದೇ ದೇಶದ ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕ. ಉರಿಯುವ ಶ್ವೇತಕುಬ್ಜದ ನೇರಳಾತೀತ ಕಿರಣಗಳ ಎದುರೇ ಅಣುವೊಂದು ಬದುಕಿ ಧೂಳಿಗೆ ದಾರಿ ಮಾಡುವುದು ನನಗಂತೂ ಸ್ಫೋಟಕ್ಕಿಂತ ದೊಡ್ಡ ಸೋಜಿಗ.

ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಇದರಲ್ಲಿ ನೇರ ಪಾಲಿದೆ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಹೊಸಕೋಟೆಯಲ್ಲಿ ಮಳೆ ಹುಯ್ಯುತ್ತಿದ್ದರೂ ಹಾನ್ಲೆಯ ಆಕಾಶ ತಿಳಿಯಾಗಿರಬಹುದು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ರೂಪಿಸಿದ ಟಿರ್‌ಸ್ಪೆಕ್ ಉಪಕರಣ ಅಲ್ಲಿ 1ರಿಂದ 2.5 ಮೈಕ್ರಾನ್‌ವರೆಗೆ ನೋಡುತ್ತದೆ. ಅಷ್ಟು ಎತ್ತರಕ್ಕೆ ಹೋಗಲು ಕಾರಣ ನೀರಾವಿ: ಅವಕೆಂಪಿನ ದೊಡ್ಡ ತುಂಡುಗಳನ್ನು ಅದೇ ನುಂಗುತ್ತದೆ. ಉಳಿದ ಕಿಂಡಿಗಳಲ್ಲೂ ವಾತಾವರಣವೇ ಹೊಳೆಯುತ್ತಿರುತ್ತದೆ. ಅದಕ್ಕಾಗಿ ದೂರದರ್ಶಕವನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಮತ್ತೆ ಮತ್ತೆ ಚಿತ್ರ ತೆಗೆದು, ಆಕಾಶದ ಪಾಲನ್ನು ಕಳೆಯಬೇಕು. ಬೇಸರದ ಕೆಲಸವೆನಿಸಬಹುದು. ಇಡೀ ಅಳತೆ ನಿಂತಿರುವುದು ಆ ಕಳೆಯುವಿಕೆಯ ಮೇಲೆ.

2021ರ ಮಾರ್ಚ್ 18ರಂದು ಕುಂತಿ ನಕ್ಷತ್ರಪುಂಜದಲ್ಲಿ ಪತ್ತೆಯಾದ ವಿ1405 ಕ್ಯಾಸಿಯೋಪಿಯಾ ನಿಧಾನ ನೋವಾಗಳ ಸ್ವಭಾವಕ್ಕೆ ಒಳ್ಳೆಯ ಉದಾಹರಣೆ. ಶಿಖರ ಮುಟ್ಟಲು ಮೇ ತಿಂಗಳವರೆಗೆ ಕಾಯಿಸಿತು, ಕತ್ತಲ ಊರುಗಳಲ್ಲಿ ಬರಿಗಣ್ಣಿಗೇ ಕಂಡಿತು, ನಂತರ ತಿಂಗಳುಗಳ ಕಾಲ ಏರಿಳಿಯಿತು. ಇಂಥ ನೋವಾ ಅವಕೆಂಪಿನಲ್ಲಿ ಏರಿದರೆ ಅದು ಧೂಳೋ ಅಥವಾ ನೋವಾ ಮತ್ತೆ ಹೊಳೆದದ್ದೋ ಎಂದು ಅವಕೆಂಪಿನ ಒಂದೇ ಪಟ್ಟಿಯ ಅಳತೆಯಿಂದ ಹೇಳಲಾಗದು. ಅದೇ ದಿನಗಳ ಸಾಮಾನ್ಯ ಬೆಳಕಿನ ಅಳತೆಯೂ ಬೇಕು. ಎರಡೂ ಒಟ್ಟಿಗೆ ಏರಿದ್ದರೆ ನೋವಾವೇ ಹೊಳೆದಿದೆ. ಒಂದು ಇಳಿದು ಇನ್ನೊಂದು ಏರಿದ್ದರೆ ಧೂಳು. ನೋವಾ ಇಷ್ಟು ಪ್ರಖರವಾಗಿದ್ದರೆ ಆ ಇನ್ನೊಂದು ಅಳತೆಯನ್ನು ಬೆಂಗಳೂರಿನ ಹೊರವಲಯದಲ್ಲಿ ಒಂದು ಬೈನಾಕ್ಯುಲರ್ ಹಿಡಿದು, ಪಕ್ಕದ ನಕ್ಷತ್ರಗಳೊಂದಿಗೆ ಹೋಲಿಸಿ ಯಾರು ಬೇಕಾದರೂ ಬರೆದಿಡಬಹುದು.