ಕುಸಿದ ಶಾಲೆಯನ್ನು ಮೇಷ್ಟ್ರುಗಳು ಎತ್ತುವುದು ಹೇಗೆ? ಎಚ್.ಡಿ. ಕೋಟೆಯ ಏಣಿಯಿಂದ ಶುರು ಮಾಡಿ

ಬಿ.ಇಡಿ. ಪರೀಕ್ಷೆಯಲ್ಲಿ ‘ಹಿಂದುಳಿದ ಶಾಲೆಯ ಸುಧಾರಣೆ’ ಎಂಬ ಪ್ರಶ್ನೆ ಬಂದರೆ ನಾವೆಲ್ಲ ಬರೆಯುವ ಉತ್ತರ ಹೆಚ್ಚುಕಡಿಮೆ ಒಂದೇ: ಸಮರ್ಥ ನಾಯಕತ್ವ, ಸಮುದಾಯದ ಸಹಭಾಗಿತ್ವ, ಭೌತಿಕ ಸೌಲಭ್ಯ, ನಿರಂತರ ಮೌಲ್ಯಮಾಪನ. ಅಂಕ ಬರುತ್ತದೆ, ತಕರಾರಿಲ್ಲ. ಆದರೆ ಈ ನಾಲ್ಕು ಮಾತು ಕಟ್ಟಿಕೊಂಡು ಸೋಮವಾರ ಬೆಳಿಗ್ಗೆ ಶಾಲೆಗೆ ಹೋದವರಿಗೆ ಪ್ರಾರ್ಥನೆ ಮುಗಿದ ಮೇಲೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಈ ಟಿಪ್ಪಣಿ ಆ ಸೋಮವಾರಕ್ಕೆ. ಕಿರಿಯ ಮತ್ತು ಹಿರಿಯ ಪ್ರಾಥಮಿಕ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೈಸ್ಕೂಲಿನ ಕಥೆ ಬೇರೆ.

ಕುಸಿದಿರುವುದು ಯಾವುದು?

‘ಶಾಲೆ ಬಿದ್ದುಹೋಗಿದೆ’ ಅನ್ನುವಾಗ ಜನ ಎರಡು ಸಂಗತಿಗಳನ್ನು ಒಟ್ಟಿಗೆ ಕಲಸಿಬಿಡುತ್ತಾರೆ. ಒಂದು ದಾಖಲಾತಿ ಇಳಿದಿರುವುದು, ಇನ್ನೊಂದು ಕಲಿಕೆ ನಿಂತಿರುವುದು. ದಾಖಲಾತಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಹಳದಿ ಬಸ್ಸು ಊರೊಳಗೆ ಬಂದು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ, ಟಿ.ಸಿ. ಕೇಳಿಕೊಂಡು ಅಪ್ಪಂದಿರು ಬರುತ್ತಾರೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಫೋನ್ ಬರುತ್ತದೆ. ಕಲಿಕೆ ನಿಂತಿರುವುದು ಹಾಗೆ ಕಾಣುವುದಿಲ್ಲ. ಐದನೇ ತರಗತಿಯ ಹುಡುಗಿ ಬೋರ್ಡಿನ ಮೇಲಿದ್ದದ್ದನ್ನು ಮುತ್ತು ಪೋಣಿಸಿದ ಹಾಗೆ ನೋಟ್ಸಿಗೆ ಇಳಿಸಿರುತ್ತಾಳೆ. ‘ಇದನ್ನು ಓದವ್ವ’ ಅಂದರೆ ತಲೆ ತಗ್ಗಿಸುತ್ತಾಳೆ. ಬರೆದದ್ದು ಅವಳ ಪಾಲಿಗೆ ಚಿತ್ರ.

ಕಾಣುವುದನ್ನು ಮೊದಲು ಸರಿಮಾಡುವುದು ಮನುಷ್ಯರ ಸ್ವಭಾವ. ಹಾಗಾಗಿ ದಾನಿಗಳನ್ನು ಹಿಡಿದು ಗೋಡೆಗೆ ಬಣ್ಣ ಬಳಿಸುತ್ತೇವೆ. ರೈಲು ಬೋಗಿಯ ಹಾಗೆ ಬಣ್ಣ ಹೊಡೆದ ಸರ್ಕಾರಿ ಶಾಲೆಗಳ ಚಿತ್ರ ಎಷ್ಟು ಬಾರಿ ನಮ್ಮ ವಾಟ್ಸಾಪಿಗೆ ಬಂದಿಲ್ಲ! ನನಗೂ ಅವು ಇಷ್ಟವೇ, ಮಕ್ಕಳಿಗಂತೂ ಹಬ್ಬ. ಆದರೆ ಬೋಗಿಯೊಳಗೆ ಕೂತ ಮಗು ಮುಂದಿನ ಸ್ಟೇಷನ್ನಿಗೆ ಹೋಯಿತೇ ಅನ್ನುವುದು ಬಣ್ಣದಿಂದ ಗೊತ್ತಾಗುವುದಿಲ್ಲ. ಬಣ್ಣಕ್ಕೆ ಆಕರ್ಷಿತರಾಗಿ ಬಂದ ಪೋಷಕರು ಮಗು ಓದದಿದ್ದರೆ ಮತ್ತೆ ಬಸ್ಸು ಹತ್ತಿಸುತ್ತಾರೆ. ಆದ್ದರಿಂದ ಕಲಿಕೆ ಮೊದಲು. ಇದು ನನ್ನ ಪಕ್ಷ, ಒಪ್ಪದವರಿರಬಹುದು.

ಎಚ್.ಡಿ. ಕೋಟೆಯಲ್ಲಿ ಆಗಿದ್ದೇನು

ನಮ್ಮ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿ ಕಲಿಸುವ ವಿಧಾನ ನಲಿ-ಕಲಿ. ಅದು ಅಂದರೆ ಹಾಡು, ಕುಣಿತ, ಬಣ್ಣದ ಕಾರ್ಡು ಅಂತ ನಾವು ಓದಿ ಮರೆತಿರುತ್ತೇವೆ. ಅದು ಹುಟ್ಟಿದ ಜಾಗದಿಂದ ನೋಡಿದರೆ ಬೇರೆ ಥರ ಕಾಣುತ್ತದೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ. ಕಬಿನಿ ಹಿನ್ನೀರು, ನಾಗರಹೊಳೆ ಮತ್ತು ಬಂಡೀಪುರದ ಕಾಡಂಚು, ಜೇನುಕುರುಬರ, ಕಾಡುಕುರುಬರ ಹಾಡಿಗಳು. ಪುಟ್ಟ ಪುಟ್ಟ ಶಾಲೆ, ಒಬ್ಬರೋ ಇಬ್ಬರೋ ಮೇಷ್ಟ್ರು, ಒಂದೇ ಕೋಣೆಯಲ್ಲಿ ಮೂರು ನಾಲ್ಕು ತರಗತಿ. ಅಪ್ಪ ಅಮ್ಮ ಕೂಲಿಗೆ ಹೊರಟರೆ ಮಕ್ಕಳೂ ಜೊತೆಗೆ. ಎರಡು ಮೂರು ವಾರ ಬಿಟ್ಟು ಬಂದ ಮಗುವಿಗೆ ಪಾಠ ಹದಿನೈದು ಪುಟ ಮುಂದೆ ಓಡಿರುತ್ತದೆ. ನಾಲ್ಕು ದಿನ ಪಿಳಿಪಿಳಿ ನೋಡಿ ಐದನೇ ದಿನ ಅದು ಬರುವುದಿಲ್ಲ. ಹಾಜರಾತಿ ಪುಸ್ತಕದಲ್ಲಿ ಅದು ‘ದೀರ್ಘ ಗೈರು’.

1995ರಲ್ಲಿ ಯುನಿಸೆಫ್ ನೆರವಿನಿಂದ ಈ ತಾಲ್ಲೂಕಿನ ಶಿಕ್ಷಕರ ಒಂದು ತಂಡ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ ಬಂತು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಸಣ್ಣ ಶಾಲೆಗಳಿಗೆಂದು ಪಠ್ಯಪುಸ್ತಕವನ್ನೇ ಬಿಡಿಸಿ ಕಾರ್ಡುಗಳಾಗಿ ಮಾಡಿದ್ದರು. ಕೋಟೆಯ ಶಿಕ್ಷಕರು ಅದನ್ನು ಹಾಗೇ ಎತ್ತಿಕೊಂಡು ಬರಲಿಲ್ಲ. ಕನ್ನಡಕ್ಕೆ, ತಮ್ಮ ಊರಿನ ಹಾಡು ಕಥೆಗಳಿಗೆ ಹೊಂದುವ ಹಾಗೆ ಕೂತು ಬರೆದರು.

ಅವರು ಮಾಡಿದ್ದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕಲಿಕಾ ಏಣಿ. ವರ್ಷದ ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲಾಗಿ, ಮೈಲಿಗಲ್ಲುಗಳಾಗಿ ಒಡೆದು ಗೋಡೆಗೆ ಹಾಕಿದ್ದಾರೆ. ಪ್ರತಿ ಮೆಟ್ಟಿಲಿಗೆ ಒಂದು ಕಾರ್ಡು, ಕಾರ್ಡಿಗೆ ಒಂದು ಚಿತ್ರದ ಗುರುತು. ಮಗು ಏಣಿ ನೋಡಿ ತನ್ನ ಮೆಟ್ಟಿಲು ಯಾವುದು ಅಂತ ತಾನೇ ಹುಡುಕಿ ಕಾರ್ಡು ತೆಗೆದುಕೊಳ್ಳುತ್ತದೆ. ಮೂರು ವಾರ ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲು ಅಲ್ಲೇ ಕಾದಿರುತ್ತದೆ. ಇಲ್ಲಿ ಒಂದು ಗಮನಿಸಿ: ಮಕ್ಕಳು ಗೈರಾಗುತ್ತಾರೆ ಎಂದು ಯಾರನ್ನೂ ಬೈಯಲಿಲ್ಲ. ಗೈರಾಗುವುದು ಇದ್ದದ್ದೇ ಅಂತ ಒಪ್ಪಿಕೊಂಡು, ಗೈರಾದರೂ ಮುರಿಯದ ಪಾಠ ಕಟ್ಟಿದರು. ಪರೀಕ್ಷೆ ಬಂದರೆ ಬಾಯಿಪಾಠ ಮಾಡಿದ ನಾಲ್ಕು ಅಂಶಗಳ ಬದಲು ಈ ಒಂದು ವಾಕ್ಯ ಬರೆಯಿರಿ.

ಇನ್ನೊಂದು ಅಕ್ಷರದ ಕ್ರಮ. ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ ಗ ಸ ದ ಅ. ಬರೆಯಲು ಸುಲಭ, ದುಂಡಗಿನ ಆಕಾರ. ಮತ್ತೆ ಐದು ಅಕ್ಷರ ಬಂದ ವಾರವೇ ಪದ ಓದಬಹುದು: ಸರ, ದರ, ಅರಸ, ಗರಗಸ. ವರ್ಣಮಾಲೆಯ ಕ್ರಮದಲ್ಲಿ ಹೋದ ಮಗು ‘ಋ’ ತಿದ್ದುತ್ತಾ ಕೂತಿರುವ ಹೊತ್ತಿಗೆ ಇದು ಗರಗಸ ಓದಿ ನಕ್ಕಿರುತ್ತದೆ. ನಮ್ಮಜ್ಜಿ ಕಾಲದ ಮರಳ ಮೇಲಿನ ‘ಅ ಆ’ಗೆ ಇದರಿಂದ ಅವಮಾನವೇನೂ ಇಲ್ಲ, ಮನೆಯಲ್ಲಿ ಅದು ನಡೆಯಲಿ.

ತರಗತಿಯಲ್ಲಿ ಮಕ್ಕಳು ಐದು ಗುಂಪು. ಪೂರ್ತಿ ಮೇಷ್ಟ್ರ ಸಹಾಯ ಬೇಕಾದವರಿಂದ ಹಿಡಿದು ಗೆಳೆಯರ ಸಹಾಯ ಸಾಕಾದವರು, ತಾವೇ ಕಲಿಯುವವರ ತನಕ. ಒಬ್ಬ ಮೇಷ್ಟ್ರು ಮೂವತ್ತು ಮಕ್ಕಳಿಗೂ ಒಂದೇ ಸಲ ಹೇಳುವ ಬದಲು, ತನ್ನನ್ನು ನಿಜಕ್ಕೂ ಬೇಕಾದ ಆರೇಳು ಮಕ್ಕಳ ನಡುವೆ ನೆಲದ ಮೇಲೆ ಕೂರುತ್ತಾನೆ.

2009-10ರಲ್ಲಿ ಇದು ಇಡೀ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಬಂತು. ಕೋಟೆಯಲ್ಲಿ ಶಿಕ್ಷಕರು ಕಟ್ಟಿದ್ದು ಬೇರೆ ಕಡೆ ಸುತ್ತೋಲೆಯಾಗಿ ಇಳಿಯಿತು. ಕಾರ್ಡು ಹರಿದರೆ ಹೊಸದು ಬರೆಯುವ ಧೈರ್ಯ ಕೋಟೆಯವರಿಗಿತ್ತು, ಏಕೆಂದರೆ ಮೊದಲನೆಯದನ್ನು ಬರೆದವರೂ ಅವರೇ. ಸುತ್ತೋಲೆಯಲ್ಲಿ ಪಡೆದವರು ಮುಂದಿನ ಸರಬರಾಜಿಗೆ ಕಾಯುತ್ತಾರೆ. ವಿಧಾನ ಒಂದೇ, ಒಡೆತನ ಬೇರೆ.

ಬಿಹಾರದ ಪಾಠ: ಮೇಷ್ಟ್ರು ಅವರೇ, ತಿಂಗಳು ಬೇರೆ

ನಲಿ-ಕಲಿ ಮೂರನೇ ತರಗತಿವರೆಗೆ. ನಾಲ್ಕಕ್ಕೆ ಬಂದೂ ಓದಲು ಬಾರದ ಮಕ್ಕಳ ಗತಿ? ಇಲ್ಲಿ ‘ಪ್ರಥಮ್’ ಎಂಬ ಸ್ವಯಂಸೇವಾ ಸಂಸ್ಥೆಯ ಕೆಲಸ ನೋಡಬೇಕು. ತರಗತಿ ಯಾವುದೆಂದು ನೋಡದೆ, ಮಗು ಓದುವ ಮಟ್ಟ ನೋಡಿ ಗುಂಪು ಮಾಡಿ ಕಲಿಸುವುದು ಅವರ ದಾರಿ. ಇದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಹಲವು ರಾಜ್ಯಗಳಲ್ಲಿ ಪರೀಕ್ಷಿಸಿದರು. ಈ ಇಬ್ಬರೂ 2019ರಲ್ಲಿ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು.

ಬಿಹಾರದಲ್ಲಿ 2008ರ ಬೇಸಿಗೆಯಲ್ಲಿ ಸರ್ಕಾರಿ ಶಿಕ್ಷಕರೇ ಒಂದು ತಿಂಗಳ ಶಿಬಿರ ನಡೆಸಿದರು. ಮಕ್ಕಳ ಓದು ಸುಧಾರಿಸಿತು. ಶಾಲೆ ಶುರುವಾದ ಮೇಲೆ ಶಿಕ್ಷಕರಿಗೆ ಅದೇ ತರಬೇತಿ, ಅದೇ ಸಾಮಗ್ರಿ ಕೊಟ್ಟು ನೋಡಿದರೆ ಫಲವೇ ಇಲ್ಲ! ಕಲಿಸಲು ಬರುವುದಿಲ್ಲ ಅನ್ನೋಣವೆಂದರೆ ಬೇಸಿಗೆಯಲ್ಲಿ ಕಲಿಸಿ ತೋರಿಸಿದ್ದಾರೆ. ಶಾಲೆ ಶುರುವಾದೊಡನೆ ‘ಪೋರ್ಷನ್ ಮುಗಿಸಬೇಕು’ ಎಂಬ ಗಡಿಯಾರ ತಲೆಯ ಮೇಲೆ ಬರುತ್ತದೆ, ಅಷ್ಟೆ.

ಹರಿಯಾಣದಲ್ಲಿ ಇದಕ್ಕೆ ಉಪಾಯ ಹುಡುಕಿದರು. ಶಾಲೆಯ ವೇಳೆಗೆ ಬೇರೆಯೇ ಒಂದು ಗಂಟೆ ಸೇರಿಸಿ, ಆ ಗಂಟೆಯಲ್ಲಿ ಪಠ್ಯಪುಸ್ತಕ ಮುಚ್ಚಿಡಬೇಕು, ಮಟ್ಟದ ಪ್ರಕಾರ ಗುಂಪು ಮಾಡಬೇಕು ಅಂತ ಇಲಾಖೆಯೇ ಹೇಳಿತು. ನಮ್ಮ ಸಿಆರ್‌ಪಿಗಳಂಥ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಂಥ) ಮೇಲ್ವಿಚಾರಕರು ಬೇರೆಯವರಿಗೆ ಹೇಳುವ ಮೊದಲು ತಾವೇ 15-20 ದಿನ ಮಕ್ಕಳಿಗೆ ಕಲಿಸಿ ಅಭ್ಯಾಸ ಮಾಡಿದರು. (ಇದೊಂದು ಸಾಲಿಗೆ ಕೆಂಪು ಗೆರೆ ಎಳೆದುಕೊಳ್ಳಿ.) ಹಿಂದಿ ಓದು ಸುಧಾರಿಸಿತು. ಗಣಿತದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ ಅನ್ನುವುದನ್ನೂ ಬರೆದಿಡಬೇಕು, ಮುಚ್ಚಿಟ್ಟರೆ ಅದು ಪ್ರಚಾರವಾಗುತ್ತದೆ.

ಹಾಗಾದರೆ ಸೋಮವಾರ ಏನು?

ಒಂದು ಲೆಕ್ಕ ಹಾಕೋಣ. ನಾಲ್ಕು, ಐದನೇ ತರಗತಿ ಸೇರಿ 23 ಮಕ್ಕಳಿರುವ ಶಾಲೆ ಅಂದುಕೊಳ್ಳಿ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಬೈಯದೆ, ಓದಿಸಬೇಕು. ತಲಾ ಐದು ನಿಮಿಷ ಸಾಕು. ಇಬ್ಬರು ಶಿಕ್ಷಕರು ಒಂದು ಬೆಳಿಗ್ಗೆಯಲ್ಲಿ ಮುಗಿಸಬಹುದು. ಲಿಖಿತ ಪರೀಕ್ಷೆ ಬೇಡ, ಅದರಲ್ಲಿ ಪಕ್ಕದವನ ಜ್ಞಾನವೂ ಸೇರಿಬಿಡುತ್ತದೆ.

ಕನ್ನಡದ ಓದಿಗೆ ಅದರದೇ ಮೆಟ್ಟಿಲುಗಳಿವೆ. ಮೊದಲು ಮೂಲಾಕ್ಷರದ ಪದ: ಮರ, ಕಮಲ. ಆಮೇಲೆ ಕಾಗುಣಿತ: ಗಿಳಿ, ಕೋಳಿ, ಮೈದಾನ. ಹ್ರಸ್ವ ದೀರ್ಘದಲ್ಲೇ ಎಷ್ಟೋ ಮಕ್ಕಳು ನಿಂತಿರುತ್ತಾರೆ. ಆಮೇಲೆ ಸಜಾತಿ ಒತ್ತು: ಅಕ್ಕ, ಬೆಲ್ಲ. ಆಮೇಲೆ ವಿಜಾತಿ: ಪುಸ್ತಕ, ಚಂದ್ರ. ಕೊನೆಗೆ ಅರ್ಕಾವತ್ತು. ‘ಸೂರ್ಯ’ದಲ್ಲಿ ಅರ್ಕಾವತ್ತು ‘ಯ’ದ ಆಚೆ ಕೂತಿರುತ್ತದೆ, ಉಚ್ಚಾರ ಮಾತ್ರ ಅದಕ್ಕಿಂತ ಮೊದಲು. ‘ಸೂಯರ್’ ಅಂತ ಓದುವ ಮಗು ದಡ್ಡನಲ್ಲ, ಕಂಡದ್ದನ್ನು ಕಂಡ ಕ್ರಮದಲ್ಲೇ ಓದುತ್ತಿದೆ. ಮಗು ಎಲ್ಲಿ ಎಡವಿತು ಅಂತ ಬರೆದುಕೊಳ್ಳುವುದೇ ರೋಗಪತ್ತೆ. ‘ಓದಲು ಬರುವುದಿಲ್ಲ’ ಎನ್ನುವುದು ರೋಗದ ಹೆಸರಲ್ಲ.

ಫಲಿತಾಂಶ ಹೀಗೆ ಬಂತು ಎನ್ನಿ: ಅಕ್ಷರದಲ್ಲೇ ಇರುವವರು 3, ಸರಳ ಪದದಲ್ಲಿ ನಿಂತವರು 7, ಒತ್ತಕ್ಷರದಲ್ಲಿ ಎಡವುವವರು 6, ಕಥೆ ಓದಬಲ್ಲವರು 7. ‘ಐದನೇ ತರಗತಿ ಹಾಳಾಗಿದೆ’ ಎಂಬ ಕೊರಗು ಈಗ ನಾಲ್ಕು ಗುಂಪಾಯಿತು. ಹತ್ತು ಮಕ್ಕಳ ಹತ್ತಿರ ಶಿಕ್ಷಕರು ಕೂರಬೇಕು, ಕಥೆ ಓದುವ ಏಳು ಮಂದಿಗೆ ಗ್ರಂಥಾಲಯದ ಬೀರು ತೆರೆದು ಬಿಡಬೇಕು. ಆ ಬೀರುವಿನ ಕೀಲಿ ಎಲ್ಲಿದೆ ಅಂತ ಕೇಳಿನೋಡಿ, ಶಾಲೆಯ ಜಾತಕ ಗೊತ್ತಾಗುತ್ತದೆ.

ಸಮಯ ಎಲ್ಲಿಂದ? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ. ದಿನಕ್ಕೊಂದು ಗಂಟೆಯಂತೆ 60 ದಿನ ತೆಗೆದಿಟ್ಟರೆ 60 ಗಂಟೆ, ಒಟ್ಟಿನಲ್ಲಿ ನೂರಕ್ಕೆ ಎಂಟು ಪಾಲೂ ಆಗದು. ಪೋರ್ಷನ್ ಹಿಂದೆ ಬಿದ್ದರೆ ಯಾರು ಉತ್ತರ ಕೊಡುತ್ತಾರೆ ಎಂಬ ಭಯ ಉಳಿಯುತ್ತದೆ. ಅಲ್ಲಿ ಮುಖ್ಯಶಿಕ್ಷಕರು ‘ಕೇಳಿದರೆ ನನ್ನ ಹೆಸರು ಹೇಳಿ’ ಅನ್ನಬೇಕು. ನಾಯಕತ್ವ ಎಂಬ ದೊಡ್ಡ ಪದಕ್ಕೆ ಶಾಲೆಯೊಳಗೆ ಇರುವ ಅರ್ಥ ನನ್ನ ಮಟ್ಟಿಗೆ ಇಷ್ಟೇ.

ದೊಡ್ಡವರ ನಡುವಿನ ನಂಬಿಕೆ

ಅಮೆರಿಕದ ಶಿಕಾಗೋದಲ್ಲಿ 1988ರ ಕಾನೂನು ಪ್ರತಿ ಶಾಲೆಗೂ ಚುನಾಯಿತ ಮಂಡಳಿ ಕೊಟ್ಟಿತು. 11 ಸದಸ್ಯರಲ್ಲಿ 6 ಮಂದಿ ಪೋಷಕರು. ನಮ್ಮ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ದೂರದ ನೆಂಟ ಅನ್ನಿ. ಕೆಲವು ಶಾಲೆ ಎದ್ದವು, ಕೆಲವು ಏಳಲಿಲ್ಲ. ಏಕೆ ಅಂತ ಸಂಶೋಧಕರಾದ ಆಂಥನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 1990ರ ದಶಕದುದ್ದಕ್ಕೂ ನೋಡಿದರು. ಶಿಕ್ಷಕರು, ಮುಖ್ಯಸ್ಥರು, ಪೋಷಕರು ಒಬ್ಬರನ್ನೊಬ್ಬರು ನಂಬುವ ಶಾಲೆಗಳಲ್ಲಿ ಸುಮಾರು ಎರಡಕ್ಕೊಂದು ಸುಧಾರಿಸಿತ್ತು. ನಂಬಿಕೆ ಇಲ್ಲದ ಕಡೆ ಏಳಕ್ಕೊಂದು.

ನಂಬಿಕೆ ಅನ್ನುವುದು ಮಾತಿನಲ್ಲಿ ಬರುವುದಿಲ್ಲ. ನಮ್ಮಲ್ಲಿ ಎಸ್‌ಡಿಎಂಸಿ ಸಭೆ ಅಂದರೆ ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವುದು ಅಂತ ಆಗಿಹೋದ ಊರುಗಳಿವೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು ಇರಬೇಕು ಅನ್ನುತ್ತದೆ. ಸಭೆಯಲ್ಲಿ ಮಾತಾಡುವವರು ಮಾತ್ರ ಇಬ್ಬರೇ ಗಂಡಸರು, ವಿಷಯ ಕಾಂಪೌಂಡು. ಒಮ್ಮೆ ಕಾಂಪೌಂಡನ್ನು ಬದಿಗಿಟ್ಟು ಮಕ್ಕಳನ್ನೇ ಎದುರಿಗೆ ಕೂರಿಸಿ, ಅವರವರ ಅಮ್ಮಂದಿರ ಮುಂದೆ ಅವರವರ ಮಟ್ಟದ ಪುಟ ಓದಿಸಿ. ‘ಜೂನ್‌ನಲ್ಲಿ ಇವನು ಅಕ್ಷರದಲ್ಲಿದ್ದ, ಈಗ ಪದ ಓದುತ್ತಾನೆ, ಒತ್ತಕ್ಷರ ಇನ್ನೂ ಬಂದಿಲ್ಲ’ ಅಂತ ಸುಳ್ಳಿಲ್ಲದೆ ಹೇಳಿ. ಓದು ಬಾರದ ತಾಯಿಗೂ ಮಗ ತಡವರಿಸುವುದು, ತಡವರಿಸದಿರುವುದು ಕಿವಿಗೆ ಗೊತ್ತಾಗುತ್ತದೆ.

ಶಿಕ್ಷಕರ ನಡುವಿನ ನಂಬಿಕೆ ಇದಕ್ಕಿಂತ ಕಷ್ಟ. ‘ನನ್ನ ತರಗತಿಯ ಹುಡುಗರಿಗೆ ವ್ಯವಕಲನ ಹತ್ತುತ್ತಿಲ್ಲ, ನೀವು ಹೇಗೆ ಹೇಳುತ್ತೀರಿ ತೋರಿಸಿ’ ಅಂತ ಸಹೋದ್ಯೋಗಿಯನ್ನು ಕೇಳುವುದಕ್ಕೆ ಇಪ್ಪತ್ತು ವರ್ಷ ಸರ್ವಿಸಾದವರಿಗೆ ಸಂಕೋಚ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅರ್ಧ ಗಂಟೆ, ಚಹಾ ಇಟ್ಟುಕೊಂಡು ಆ 23 ಹೆಸರಿನ ಪಟ್ಟಿಯನ್ನು ನಡುವೆ ಹರಡಿಕೊಂಡರೆ ಮಾತು ‘ನಿಮ್ಮ ತರಗತಿ, ನನ್ನ ತರಗತಿ’ಯಿಂದ ಹೆಸರುಗಳ ಕಡೆಗೆ ಜರುಗುತ್ತದೆ.

ವರ್ಗಾವಣೆಯ ದಿನ

ಒಬ್ಬರ ಹುಮ್ಮಸ್ಸಿನಿಂದ ಎದ್ದ ಶಾಲೆ ಅವರ ವರ್ಗಾವಣೆಯ ಜೊತೆಗೇ ಮಲಗುವುದನ್ನು ನೀವೂ ನೋಡಿರುತ್ತೀರಿ. ಮುಖ್ಯಶಿಕ್ಷಕರು ಚಾರ್ಜ್ ಕೊಡುವಾಗ ಪಟ್ಟಿಯಲ್ಲಿ ಬೆಂಚು ಎಷ್ಟು, ಬಿಸಿಯೂಟದ ಅಕ್ಕಿ ಎಷ್ಟು ಕಿಲೋ, ಸಿಲಿಂಡರ್ ಎಷ್ಟು, ಯಾವ ಬೀರುವಿಗೆ ಯಾವ ಕೀಲಿ ಎಲ್ಲವೂ ಇರುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅನ್ನುವುದು ಇರುವುದಿಲ್ಲ. ಅದು ಹೋಗುವವರ ತಲೆಯಲ್ಲಿ ಬಸ್ಸು ಹತ್ತುತ್ತದೆ. ಬಂದವರು ಜೂನ್‌ನಲ್ಲಿ ಮತ್ತೆ ‘ಅ ಆ’ದಿಂದ. ಚಾರ್ಜ್ ಪಟ್ಟಿಗೆ ಒಂದು ಹಾಳೆ ಹೆಚ್ಚಿಗೆ ಪಿನ್ ಮಾಡಲು ಯಾವ ಸುತ್ತೋಲೆಯೂ ಬೇಕಿಲ್ಲ: ಎಡಗಡೆ ಹೆಸರು, ಬಲಗಡೆ ಮಗು ಕೊನೆಯದಾಗಿ ಎಡವಿದ ಪದ.